ಬಾರದ ಬಾಲಿಗೆ ಜಿಗಿದವಳು

ಅಲ್ಲಕ್ಕ, ನೀನು ಬಾಲಿಗೆ ಗಾಳಿ ಹೊಡೀತಾನೇ ಇರು, ನಾನೇನು ಬೇಡ ಅಂದ್ನಾ? ಕೇಳಿಸ್ಕೊಂಡ್ರೆ ಸಾಕು. ಆ ಕಾಗದಕ್ಕೆ ಸೈನ್ ಹಾಕೋದೇ ಬೇಡ ಅಂತ ಹೇಳ್ತಿದ್ದೆ. ಬೇಡವೇ ಬೇಡ! ನಂಗೆ ಕೆಲಸ ಸಿಕ್ಕಿದೆ, ಬೇರೆ ಊರಲ್ಲಿ. ದೊಡ್ಡ ಹೋಟ್ಲು, ಅಲ್ಲಿನ ಲಾಂಡ್ರಿ. ಇರೋಕೆ ರೂಮೂ ಕೊಡ್ತಾರಂತೆ. ಈ ಶನಿವಾರ ಹೊರಟೆ.

ನೋಡು, ದೊಡ್ಡದಾಗಿ ಉಸಿರು ಬಿಟ್ಟೆ ನೀನು. ಬಿಟ್ಟೆ ಅಕ್ಕ, ನಾನು ನೋಡ್ದೆ... ಹೋಗ್ಲಿ ಬಿಡು, ಈ ಸ್ಟೋರ್ ರೂಮಲ್ಲಿ ಧೂಳು ಜಾಸ್ತಿ.

ನಿನ್ನ ಮೇಲೆ ನಂಗೆ ಕೋಪ ಇಲ್ಲ. ಸತ್ಯವಾಗ್ಲೂ ಇಲ್ಲ! ನಾಲ್ಕು ಟೀಮಿನವ್ರು ಸೇರಿ ದೂರು ಕೊಟ್ರು, ಹುಡುಗನಾಗಿ ಬೆಳೆದೋಳು ಹೆಂಗಸರ ವಾಲಿಬಾಲ್ ಹೇಗೆ ಆಡ್ತಾಳೆ ಅಂತ. ಸಂಘದವ್ರು ಮಹಾ ಜಾಣರು, ಕಾಗದ ತಂದು, ನೀನು ಕ್ಯಾಪ್ಟನ್ ಅಂತ ನಿನ್ನ ಕೈಗೆ ತುರುಕಿದ್ರು. ಕ್ಯಾಪ್ಟನ್ 'ಇವಳು ನಮ್ಮವಳು' ಅಂತ ಈ ತಿಂಗಳೊಳಗೆ ಬರ್ಕೊಟ್ರೆ ಮುಂದೂ ಆಡ್ಬಹುದು, ಇಲ್ಲಾಂದ್ರೆ ಇಲ್ಲ. ಹತ್ತು ದಿನ ಆಯ್ತು, ಇನ್ನೂ ನಿನ್ನ ಬ್ಯಾಗಲ್ಲೇ ಇದೆ. ನಮ್ಮ ಟೀಮಿನ ಬೇಕರಿಯವಳ ಅಪ್ಪ, ಟೈಪಿಸ್ಟಿನ ಗಂಡ ಇಬ್ರೂ ನಿನ್ನ ಮನೆ ತನಕ ಬಂದಿದ್ರಂತಲ್ಲ, 'ಸೈನ್ ಹಾಕಿದ್ರೆ ನಮ್ಮನೆಯವ್ರನ್ನ ಟೀಮ್ ಬಿಡಿಸ್ತೀವಿ' ಅಂತ? ಬಾಯಲ್ಲಿ ಬಿಸಿತುಪ್ಪ ಇಟ್ಕೊಂಡ ಹಾಗಾಗಿದೆ ನಿಂಗೆ, ಪಾಪ.

ಯಾಕೆ ತಲೆ ಅಲ್ಲಾಡಿಸ್ತೀಯ? ದೂರು ಕೊಟ್ಟೋರ ಮಾತಲ್ಲಿ ಹುರುಳೇ ಇಲ್ಲ ಅಂತ ನಾನೂ ಅನ್ನಲ್ಲ. ಕಳೆದ ವರ್ಷ ನನ್ನ ಹೊಡೆತಕ್ಕೆ ಎದುರು ಟೀಮಿನ ಆ ಕುಳ್ಳಿ ಹುಡುಗಿ ಬೆರಳು ಮುರೀತಲ್ಲ... ಆವತ್ತು ಮನೇಲಿ ಕೂತು ನನ್ನ ತೋಳು ನಾನೇ ನೋಡ್ಕೊಂಡೆ. ಐದು ವರ್ಷದಿಂದ ಹಾರ್ಮೋನ್ ಮಾತ್ರೆ ನುಂಗ್ತಿದೀನಿ, ಮೊದಲಿನ ಕಸುವು ಎಲ್ಲಿದೆ? ಈಗಿರೋ ಲಾಂಡ್ರೀಲಿ ಒದ್ದೆ ಬೆಡ್‌ಶೀಟ್ ಎತ್ತೋಕೇ ಏದುಸಿರು ಬರುತ್ತೆ. ಆದ್ರೆ ಉದ್ದ ಇದೀನಲ್ಲ, ಅದಕ್ಕೆ ಮಾತ್ರೆ ಇಲ್ಲ. ನ್ಯಾಯಾನೋ ಅನ್ಯಾಯಾನೋ, ನಂಗೂ ತಿಳಿಯಲ್ಲ ಕಣಕ್ಕ. ಡಾಕ್ಟ್ರನ್ನ ಕೇಳಿದ್ರೆ 'ಅದೂ ಹೌದು, ಇದೂ ಹೌದು' ಅಂದು ಮುಂದಿನ ಪೇಶೆಂಟನ್ನ ಕರೀತಾರೆ.

ನಗ್ತಿದೀಯಾ? ನಗು, ನಗು! ನೀನು ನಕ್ಕು ಎಷ್ಟು ದಿನ ಆಯ್ತು. ಮೊದಲ್ನೇ ದಿನ ನೆನಪಿದ್ಯಾ? ಬಟ್ಟೆ ಬದಲಾಯಿಸೋ ರೂಮಿನ ಬಾಗಿಲಲ್ಲಿ ನಿಂತಿದ್ದೆ, ಒಳಗೆ ಬರೋದೋ ಬೇಡ್ವೋ ಅಂತ. ಎಲ್ರೂ ಕಣ್ ಕಣ್ ಬಿಡ್ತಿದ್ರು. ನೀನೊಬ್ಳು, 'ಏನೇ ಏಣಿ, ತಲೆ ತಾಗುತ್ತೆ ಅಂತ ಭಯಾನಾ? ಬಗ್ಗಿ ಬಾ' ಅಂದೆ. ಆವತ್ತಿಂದ ಎಲ್ರಿಗೂ ಏಣಿ ಆದೆ. ಅಮ್ಮ ನನ್ನ ಫೋನ್ ಎತ್ತಲ್ಲ. ತಮ್ಮ ದಾರೀಲಿ ಸಿಕ್ರೆ ಎದುರುಗಡೆ ಫುಟ್‌ಪಾತಿಗೆ ಹೋಗ್ತಾನೆ. ಪ್ರೀತಿಯಿಂದ ಒಂದು ಹೆಸರಿಟ್ಟು ಕರೆದೋಳು ನೀನು ಅಕ್ಕ.

ಒಂದು ಕೇಳ್ಲಾ? ಬೈಬಾರ್ದು. ಬಾಲ್ ಎತ್ತಿ ಕೊಡೋಳು ನೀನು. ಯಾರಿಗೆ ಕೊಡ್ತೀಯ ಅಂತ ಮೊದಲೇ ಬೆನ್ನ ಹಿಂದೆ ಕೈ ಇಟ್ಟು ಸನ್ನೆ ಮಾಡ್ತೀಯ. ಒಂದು ಬೆರಳು ಬೇಕರಿಯವಳಿಗೆ, ಎರಡು ನಂಗೆ. ಮುಷ್ಟಿ ಹಿಡಿದ್ರೆ, 'ಏಣಿ, ಸುಮ್ನೆ ಜಿಗಿ, ಬಾಲ್ ಬರಲ್ಲ, ಎದುರಿನವ್ರು ಏಮಾರ್ಲಿ' ಅಂತ. ಕಳೆದ ಮೂರು ಮ್ಯಾಚಲ್ಲೂ ಬರೀ ಮುಷ್ಟಿ! ನಾನೊಬ್ಳು ಪೆದ್ದಿ, ಅಕ್ಕ ಏನೋ ದೊಡ್ಡ ಉಪಾಯ ಮಾಡಿದಾಳೆ ಅಂದ್ಕೊಂಡು ಪ್ರಾಣ ಒತ್ತೆ ಇಟ್ಟು ಜಿಗ್ದೆ. ಪ್ರತಿ ಸಲ ಜಿಗ್ದೆ, ಪ್ರತಿ ಸಲ ಬರೀ ಗಾಳಿಗೆ ಹೊಡ್ದು ಇಳ್ದೆ. ವಾಪಸ್ ಬರೋವಾಗ ಬಸ್ಸಲ್ಲಿ ಹೊಳೀತು. ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು... ನನ್ನನ್ನ ಹೊರಗೂ ಕೂರಿಸ್ಲಿಲ್ಲ, ಆಡೋಕೂ ಬಿಡ್ಲಿಲ್ಲ. ನನ್ನ ಪಕ್ಕದ ಸೀಟಲ್ಲಿ ಯಾರೂ ಕೂರ್ಲಿಲ್ಲ, ಬಾಲಿನ ಚೀಲ ಇಟ್ಟಿದ್ರು. ಬೇಜಾರಾಯ್ತಕ್ಕ. ತುಂಬಾ ಬೇಜಾರಾಯ್ತು.

ಅಯ್ಯೋ, ತಲೆ ತಗ್ಗಿಸ್ಬೇಡ! ಜಗಳ ಆಡೋಕೆ ಬಂದಿಲ್ಲ, ಹೊರಟಿರೋಳು ನಾನು. ಏನಾದ್ರೂ ಕೇಳು. ಹೋಟ್ಲ ಹೆಸರೇನು, ಯಾವ ಊರು, ಅಲ್ಲಿ ಟೀಮಿದ್ಯಾ... ಏನೂ ಕೇಳಲ್ವಾ? ಸಾಕಿದ ಬೆಕ್ಕು ಎರಡು ದಿನ ಕಾಣದೇ ಇದ್ರೂ ಜನ 'ಎಲ್ಲಿ ಹೋಯ್ತೋ' ಅಂತಾರೆ. ನಾನು ಮೂರು ವರ್ಷ ಇದ್ದೆ ಅಕ್ಕ.

ಸಾಕು, ಇನ್ನೂ ಹೊಡೆದ್ರೆ ಬಾಲ್ ಒಡೆಯುತ್ತೆ.

ಸರಿ... ನಾನೇ ಹೇಳ್ಬಿಡ್ತೀನಿ. ಹೋಟ್ಲು ಇಲ್ಲ. ಊರೂ ಇಲ್ಲ, ರೂಮೂ ಇಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಕಟ್ಟಿದ ಕತೆ. ಹೊರಟೆ ಅಂದ್ರೆ ನೀನು, 'ಬಾಯ್ಮುಚ್ಚೇ, ಎಲ್ಲಿಗೆ ಹೋಗ್ತೀಯ' ಅಂತ ಬೈತೀಯ ಅಂದ್ಕೊಂಡೆ. ಬೈಸ್ಕೊಳ್ಳೋಕೇ ಬಂದೆ ಅಕ್ಕ. ಸೈನ್ ಹಾಳಾಗಿ ಹೋಗ್ಲಿ, ಒಂದು ಬೈಗುಳ ಸಾಕಿತ್ತು ನಂಗೆ.

ಯಾಕೆ... ಮುಖ ಯಾಕೆ ಹಾಗಾಯ್ತು? ಹೋಗ್ತೀನಿ ಅಂದಾಗ ಚೆನ್ನಾಗೇ ಇತ್ತಲ್ಲ. ಇಲ್ಲೇ ಇರ್ತೀನಿ ಅಂದ ಕೂಡ್ಲೇ ಹೀಗಾಯ್ತಾ?

ಬೇಡ, ಬೇಡ, ಏನೂ ಹೇಳ್ಬೇಡ. ಹೋಟ್ಲಿದೆ ಅಕ್ಕ. ದೊಡ್ಡ ಹೋಟ್ಲು. ಶನಿವಾರ ಹೊರಡ್ತಾಳಂತೆ ಅಂತ ಎಲ್ರಿಗೂ ನೀನೇ ಹೇಳ್ಬಿಡು.