ಅಕ್ರಂನ ಆರಡಿ ಬೋರ್ಡ್

ಹಲೋ... ಯಾರು ಮಾತಾಡ್ತಿರೋದು?

... ಅಕ್ರಂ, ನೀನೇನೋ? ಇದ್ಯಾರ ನಂಬರೋ? ... ಮುಲ್ಕಿ ಬೀಚಿನ ಸರ್ಫಿಂಗ್ ಕ್ಯಾಂಪಿನ ಆಫೀಸ್ ಫೋನಾ. ಹಾಂ, ನಾನೇ, ಮುರಳಿ. ತಡಿ, ಕಲ್ಲು ಕೊಯ್ಯೋ ಮಿಷನ್ ಓಡ್ತಿದೆ, ಆಚೆ ಬರ್ತೀನಿ.

... ಈಗ ಹೇಳು. ನಾನು ಕಳಿಸಿದ ಸರ್ಫಿಂಗ್ ಬೋರ್ಡ್ ಬಂತಲ್ವಾ? ಮುರ್ದಿಲ್ಲ ತಾನೆ?

... ಮುಳುಗುತ್ತೆ ಅಂದ್ರೆ? ಬಿರುಕು ಬಿಟ್ಟು ನೀರು ಒಳಕ್ಕೆ ಹೋಗ್ತಿದ್ಯಾ?

... ಬಿರುಕಿಲ್ಲ. ಬರೀ ಮುಳುಗುತ್ತೆ. ನೀನು ಮೇಲೆ ಮಲಗಿದ್ರೆ ನೀರು ಎಲ್ಲೀವರ್ಗೂ ಬರುತ್ತೆ? ... ಎದೇವರ್ಗೂ. ಕೈಯಲ್ಲಿ ನೀರು ಎಳೆದ್ರೆ ಮುಂದಕ್ಕೆ ಹೋಗುತ್ತಾ? ... ಹೋಗಲ್ಲ. ಅಲೆ ನಿನ್ನ ಬಿಟ್ಟು ಹೋಗ್ಬಿಡುತ್ತೆ.

... ಹಾಂ, ಕೇಳಿಸ್ತಿದೆ. ಯೋಚ್ನೆ ಮಾಡ್ತಿದೀನಿ.

... ತೂಕ ಎಷ್ಟೋ ನಿಂದು? ... ಎಪ್ಪತ್ತೆರಡು. ನಿಮ್ಮೂರು ನಂಗ್ಲಿಯಿಂದ ಹೋಗಿ ಕ್ಯಾಂಪಲ್ಲಿ ಪಾತ್ರೆ ತೊಳೀತಿದ್ದಾಗ ಅರವತ್ತಿದ್ದೆ. ಬಿಡು, ನಿನ್ನ ತೂಕದ ತಪ್ಪಲ್ಲ ಇದು.

... ಟೆಸ್ಟ್ ಯಾವಾಗ ಅಂದೆ? ... ಇವತ್ತಾ? ಭಾನುವಾರ ಅಂದಿದ್ದೆ. ... ನಾಲ್ಕು ಗಂಟೆಗೆ. ಈಗ್ಲೇ ಎರಡೂವರೆ. ... ಗೊತ್ತು ಕಣೋ. ಇಬ್ರಲ್ಲಿ ಗೆದ್ದೋನು ಟ್ರೇನರು, ಸೋತೋನು ವಾಪಸ್ ಅಡುಗೆಮನೆಗೆ. ಹತ್ತು ಸಲ ಹೇಳಿದೀಯ.

... ಏನಾಗಿದೆ ಹೇಳ್ತೀನಿ ಕೇಳು. ನಿನ್ನ ಹಳೇ ಬೋರ್ಡ್ ಏಳೂವರೆ ಅಡಿ. ಗಿಡ್ಡ ಇದ್ರೆ ಬೇಗ ತಿರುಗುತ್ತೆ, ಆರಡಿ ಮಾಡ್ಕೊಡು ಅಂದೆ ನೀನು. ಉದ್ದ ಐದರಲ್ಲೊಂದು ಭಾಗ ಕಮ್ಮಿ ಆಯ್ತು. ನಾನು ಅಗಲಾನೂ ಅಷ್ಟೇ ಇಳಿಸ್ದೆ, ದಪ್ಪಾನೂ ಅಷ್ಟೇ ಇಳಿಸ್ದೆ. ವಿಗ್ರಹ ಹಂಗೇ ಮಾಡೋದು. ಮುಖ ಚಿಕ್ಕದಾದ್ರೆ ಕಾಲ್ಬೆರಳೂ ಅದೇ ಲೆಕ್ಕದಲ್ಲಿ ಚಿಕ್ಕದಾಗ್ಬೇಕು. ಇಲ್ಲಾಂದ್ರೆ ಅಪ್ಪ ಕಲ್ಲನ್ನ ಆಚೆಗೆ ಉರುಳಿಸ್ತಾರೆ. ಹನ್ನೆರಡನೇ ವಯಸ್ಸಿಂದ ಅದೇ ಕೆಲ್ಸ. ಕೈ ತಾನಾಗೇ ಮಾಡ್ತು.

... ನೋಡೋಕೆ ಚೆನ್ನಾಗೇ ಇರುತ್ತೆ. ವಿಗ್ರಹದ ಮೇಲೆ ಯಾರೂ ಹತ್ತಿ ನಿಲ್ಲಲ್ಲ ಅಲ್ವಾ. ಬೋರ್ಡ್ ಗಿಡ್ಡ ಮಾಡಿದ್ರೆ ಅಗಲ, ದಪ್ಪ ಉಳಿಸ್ಕೊಬೇಕು, ನಿನ್ನ ಹೊರೋಕೆ. ಆರು ತಿಂಗಳು ಅಲ್ಲೇ ಕ್ಯಾಂಪಿನ ಬೋರ್ಡ್ ರಿಪೇರಿ ಶೆಡ್ಡಲ್ಲಿದ್ದೆ, ಗೊತ್ತಿತ್ತು ನಂಗೆ. ವಾಪಸ್ ನಮ್ಮೂರು ಶಿವಾರಪಟ್ಟಣಕ್ಕೆ ಬಂದು, ವಿಗ್ರಹಗಳ ಮಧ್ಯೆ ಕೂತು ಮಾಡೋವಾಗ ಮರ್ತೆ.

... ಬೈಯಿ. ... ಹಾಂ. ... ಮುಗೀತಾ?

... ಶೆಡ್ಡಲ್ಲಿ ಹಳದಿದೊಂದು ಇದೆ ನೋಡು, ಆರಡಿ ಎಂಟಿಂಚು, ಮೊಂಡು ಮೂತಿ. ... ಅದೇ, ಎಲ್ಲಾರೂ ಎಮ್ಮೆ ಅಂತಿದ್ರಲ್ಲ, ಅದು. ನಿನ್ನ ತೂಕಕ್ಕೆ ಅದೇ ಸರಿ. ಏಳೂವರೆಯಿಂದ ಒಂದೇ ಸಲ ಆರಕ್ಕೆ ಇಳಿಯೋದೇ ತಪ್ಪು. ನೀನು ಕೇಳಿದಾಗ್ಲೇ ಬೇಡ ಅನ್ಬೇಕಿತ್ತು ನಾನು.

... ಯಾಕೆ ಕೊಡಲ್ಲ? ಕ್ಯಾಂಪ್ ಅವ್ರದ್ದೇ ಅಲ್ವಾ, ಸಂಕರ್ಷಣ ಸರ್ ಏನಂದ್ರು? ... ನಿಂಗೇ ನಿಲ್ಲೋಕೆ ಬರಲ್ಲ, ತಪ್ಪು ಬೋರ್ಡ್ ಮೇಲೆ ಹಾಕ್ತಿದೀಯ ಅಂದ್ರಾ? ... ಅಳತೆ ತಪ್ಪಿದೆ ಅಂತ ಈಗ ಹೋಗಿ ಹೇಳು. ... ಯಾಕೆ ಹೇಳಲ್ಲ?

... ಲೇ ಅಕ್ರಂ. ನನ್ನ ಕೆಲ್ಸ ಹೋಗುತ್ತೆ ಅಂತಾನಾ? ಆ ವಿಷ್ಯ ನನಗೆ ಬಿಡು. ಹೌದು, ಈ ಬೋರ್ಡ್ ಚೆನ್ನಾಗಿ ಬಂದ್ರೆ ಶೆಡ್ ನಂಗೇ ಒಪ್ಪಿಸ್ತೀನಿ ಅಂದಿದ್ರು. ನೀನು ಬಾಯ್ಮುಚ್ಕೊಂಡಿದ್ರೆ ಅದು ತೇಲುತ್ತಾ?

... ಫೋನ್ ಅವ್ರ ಕೈಗೆ ಕೊಡು. ... ಕೊಡೋ.

... ನಮಸ್ಕಾರ ಸರ್, ಮುರಳಿಮೋಹನ್. ... ಚೆನ್ನಾಗಿದೀನಿ ಸರ್. ಆ ಬೋರ್ಡಿನ ಅಳತೆ ತಪ್ಪಾಗಿದೆ. ತಪ್ಪು ನಂದು, ಅಕ್ರಂದಲ್ಲ. ಅಗಲ, ದಪ್ಪ ಎರಡೂ ಜಾಸ್ತಿ ತೆಗ್ದಿದೀನಿ. ನೀವೇ ಹತ್ತಿದ್ರೂ ಮುಳುಗುತ್ತೆ.

... ಹೌದು ಸರ್. ... ಹೌದು, ನಿಮ್ಮ ಶೆಡ್ಡಲ್ಲಿ ಕಲ್ತ ಮೇಲೂ.

... ಸರಿ ಸರ್. ಶೆಡ್ಡಿಗೆ ಬೇರೆಯವ್ರನ್ನ ನೋಡ್ಕೊಳ್ಳಿ. ... ಬೇಜಾರೇನಿಲ್ಲ, ಇಲ್ಲಿ ಕಲ್ಲಿನ ಕೆಲ್ಸ ಇದ್ದೇ ಇದೆ. ಅವನಿಗೆ ಆ ಹಳದಿ ಬೋರ್ಡ್ ಕೊಟ್ಟು ನೋಡಿ. ಅಷ್ಟೇ ಕೇಳ್ತಿರೋದು. ... ಒಂದು ಅಲೆ ಸಾಕು ಸರ್.

... ಹಾಂ. ಹಾಂ ಸರ್.

... ಯಾರು, ಅಕ್ರಂ ಏನೋ? ಕೊಡ್ತಾರಂತೆ, ತಗೊಂಡು ಹೋಗು. ... ನಂಗಾ? ನಂಗೇನೂ ಹೇಳ್ಲಿಲ್ಲ. ... ಏನೂ ಹೇಳ್ಲಿಲ್ಲ ಅಂದ್ನಲ್ಲ, ಎಷ್ಟು ಸಲ ಕೇಳ್ತೀಯ? ಮಲಗೋವಾಗ ತೀರಾ ಮುಂದಕ್ಕೆ ಹೋಗ್ಬೇಡ, ಮೂತಿ ನೀರಿಗೆ ಚುಚ್ಚುತ್ತೆ. ಒಂದು ಗೇಣು ಹಿಂದಕ್ಕೆ ಸರಿದು, ಎದೆ ಎತ್ತಿ... ಹಲೋ? ... ಅಕ್ರಂ? ಆಗ್ಲೇ ಓಡ್ಬಿಟ್ಯಾ? ... ಹಲೋ...