ಪ್ರಾರ್ಥನೆ ಮುಗಿಸಿ ಬಂದವರು

ರೋಣದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಹೆಂಗಸು ಹಸಿಕಡಲೆ ಸುಲಿದು ಗಂಡನ ಅಂಗೈಗೆ ಹಾಕುತ್ತಿದ್ದಳು. ಅವನು ಕಡಲೆ ಬಾಯಿಗೆ ಹಾಕಿಕೊಂಡು ಕೇಳಿದ.

“ಗಜೇಂದ್ರಗಡದಾಗ ಇವತ್ತ ಪ್ರಾರ್ಥನಿ ಚಲೋ ಆತಲ್ಲ, ನೀಲವ್ವ?”

“ಆತ್ರಿ. ಕುಡದ ಬಂದ ನನ್ನ ಬಡೀತಿದ್ದದ್ದೆಲ್ಲಾ ಹೇಳಿ ನೀವು ಅತ್ರಿ. ಅಲ್ಲಿ ಹೆಂಗಸರೂ ಅತ್ರು.”

“ಎಲ್ಲಾರ ಮುಂದ ನಿಂತು ಸಾಕ್ಷಿ ಹೇಳೂದಂದಮ್ಯಾಲ ಖರೇನ ಹೇಳಬೇಕಲ್ಲ. ಯೇಸುಸ್ವಾಮಿ ಕುಡಿಯೂದು ಬಿಡಿಸಿದ.”

“ಅದಕ್ಕ ನಾನೂ ಕೈ ಮುಗೀತೇನ್ರಿ. ಆದ್ರ ಪೆಟ್ಟ ತಿಂದಾಕಿ ನಾನು, ನಿಮ್ಮ ಕಣ್ಣೀರ ಸ್ವಾಮಿಗೆ.”

“ದೇವರ ಮ್ಯಾಲೂ ಹೊಟ್ಟಿಕಿಚ್ಚೇನ ನಿನಗ?”

“ಐತಿ ಅಂತ ತಿಳೀರಿ.”

ನರಗುಂದದ ಬಸ್ಸು ಬಂತು. ಅವನು ಚೀಲ ಎತ್ತಿಕೊಂಡು ಹೊರಟ. ಅವಳು ಹಿಂದೆಯೇ ಎದ್ದಳು.

“ಸ್ವಾಮಿಗೆ ತಪ್ಪಾತು ಅಂದ್ರಲ್ಲ, ನನಗೂ ಒಂದ ಸಲ ಅನ್ರಿ.”

ಅವನು ಸೀಟು ಹಿಡಿಯಲು ಬಾಗಿಲತ್ತ ಓಡಿದ.