ಪುಸ್ತಕದಲ್ಲಿ ಇದ್ದಷ್ಟೇ

ಏಳಬೇಡಿ, ಏಳಬೇಡಿ ಜಯಾನಂದಣ್ಣ! ಕೈಗೆ ಅಷ್ಟು ದೊಡ್ಡ ಪಟ್ಟಿ ಕಟ್ಕೊಂಡು ನನಗೆ ಕುರ್ಚಿ ಹಾಕೋಕೆ ಬರ್ತಾರೆ ನೋಡಿ! ನಾನು ಇಲ್ಲೇ ಕಿಟಕಿ ಹತ್ರ ಕೂತ್ಕೋತೀನಿ. ಲೋಲಾಕ್ಷಿ ಅಕ್ಕ, ಟೀ ಬೇಡ... ಅಚ್ಛಾ, ಇಟ್ಟೇಬಿಟ್ರಾ? ಹಾಗಾದ್ರೆ ಅರ್ಧ ಕಪ್. ಅಬ್ಬಾ, ನಿಮ್ಮ ಕರೋಲ್ ಬಾಗ್ ಗಲ್ಲಿ! ಮೆಟ್ರೋ ಇಳಿದು ರಿಕ್ಷಾ ಹತ್ತಿದ್ರೆ, ಆ ಭಯ್ಯಾ ಮೂರು ಸಲ ಅದೇ ಸೀರೆ ಅಂಗಡಿ ಮುಂದೆ ಸುತ್ತಿಸಿದ. ಮೂರನೇ ಸಲ ಅಂಗಡಿಯವನು ಎದ್ದು ನಮಸ್ಕಾರ ಹೇಳಿದ... ನಗಿ ಅಣ್ಣ! ನಗೋದಕ್ಕೆ ಕೈ ಬೇಕಾಗಿಲ್ಲ.

ನೋವು ಹೇಗಿದೆ? ಹೀಗೆ ತಲೆ ಅಲ್ಲಾಡಿಸಿದ್ರೆ ನನಗೇನು ಗೊತ್ತಾಗ್ಬೇಕು, ಇದೆ ಅಂತಲೋ, ಇಲ್ಲ ಅಂತಲೋ?

ನಿಮ್ಮ ಕೈ ಸುಟ್ಟು ಹನ್ನೆರಡು ದಿನ ಆಯ್ತು. ನಿಮ್ಮ ಗುರುಗ್ರಾಮದ ಕಿಚನ್ನಿಂದ ಆಫೀಸುಗಳಿಗೆ ಹೋಗೋ ಇಡ್ಲಿಗೂ ಹನ್ನೆರಡು ದಿನದಿಂದ ಕಾಯಿಲೆ. ನಿನ್ನೆ ಒಂದು ಆಫೀಸ್ ಕ್ಯಾಂಟೀನಿನಲ್ಲಿ ತಿಂದೆ. ತಿಂದೆ ಅನ್ನೋದು ಸುಳ್ಳು, ಕುಟ್ಟಿದೆ! ಚಮಚ ಬಗ್ಗಿತು. ಅಕ್ಕ, ನೀವಾದ್ರೂ ನಕ್ರಲ್ಲ, ಥ್ಯಾಂಕ್ಸ್.

ನೆನಪಿದೆಯಾ, ನಾನು ಮೊದಲ ದಿನ ಬಂದಿದ್ದು? 'ಕೆಲಸ ಹೇಗೆ ನಡೀಬೇಕು ಅಂತ ಬರೆದುಕೊಡೋದು, ಹೊಸಬರಿಗೆ ಕಲಿಸೋದು, ಅದೇ ನಮ್ಮ ಕಂಪನಿ ಕೆಲಸ' ಅಂದೆ. ನೀವು ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಇಡ್ಲಿ ಬೇಯಿಸಲಿಕ್ಕೆ ಪುಸ್ತಕವಾ?' ಅಂದ್ರಿ. ಹಿಟ್ಟಿಗೆ ನೀರೆಷ್ಟು ಅಣ್ಣ? 'ಹಿಡಿಯುವಷ್ಟು.' ಎಷ್ಟು ನಿಮಿಷ ಬೇಯಿಸ್ಬೇಕು? 'ಬೇಯುವವರೆಗೆ.' ಅಯ್ಯೋ ರಾಮ! ಎರಡು ತಿಂಗಳು ಗಡಿಯಾರ, ತಕ್ಕಡಿ ಹಿಡ್ಕೊಂಡು ನಿಮ್ಮ ಬೆನ್ನ ಹಿಂದೆ ತಿರುಗಿ, ಆ 'ಹಿಡಿಯುವಷ್ಟು' ಅನ್ನೋದನ್ನ ಲೀಟರಿಗೆ ಇಳಿಸಿದೆ. ಸುಮ್ನೆ ಮಾತಾ! ಇಪ್ಪತ್ತೆರಡು ವರ್ಷ ನಿಮ್ಮ ಕೈಯಲ್ಲಿದ್ದ ವಿದ್ಯೆ ಅರವತ್ತು ಪುಟದಲ್ಲಿ ಕೂತಿತು. ಹಿಂದಿಯಲ್ಲೊಂದು, ಇಂಗ್ಲಿಷಿನಲ್ಲೊಂದು. ನಿಮ್ಮನ್ನ ನಲವತ್ತು ಜನ ಅಡುಗೆಯವರಿಗೆ ಮೆಂಟರ್ ಅಂತ ಮಾಡಿದ್ರು, ಕೊರಳಿಗೆ ಕಾರ್ಡು ಹಾಕಿದ್ರು. ಅಕ್ಕ ಆ ಕಾರ್ಡಿಗೆ ಕುಂಕುಮ ಹಚ್ಚಿದ್ರು, ಗೇಟಿನ ಮಷೀನು ಅದನ್ನ ಓದಲೇ ಇಲ್ಲ, ನೀವು ಅರ್ಧ ಗಂಟೆ ಗೇಟಿನ ಹೊರಗೇ ನಿಂತಿದ್ರಿ!

ಚಲೋ, ಕೆಲಸದ ಮಾತಿಗೆ ಬರೋಣ. ಸೋಮವಾರ ವಿಚಾರಣೆ. ಹೆದರೋದೇನಿಲ್ಲ. ನಿಮ್ಮ ಮ್ಯಾನೇಜರ್ ವಿಕ್ರಮ್ ಸರ್ ಕೆಟ್ಟವರಲ್ಲ. ಅವರು ಪುಸ್ತಕ ನೋಡಿದ್ರು. ಒಂಬತ್ತನೇ ಹೆಜ್ಜೆ: ಕೆಳಗಿನ ಸಣ್ಣ ನಲ್ಲಿ ತಿರುಗಿಸಿ ಉಳಿದ ಆವಿ ಬಿಡಬೇಕು. ಹತ್ತನೇದು: ಸ್ಟೀಮರಿನ ಬಾಗಿಲು ತೆಗೀಬೇಕು. ಆವತ್ತು ನಲ್ಲಿ ತಿರುಗಿಸದೆ ಬಾಗಿಲು ತೆಗೆದಿದ್ದೀರಿ, ಆವಿ ಕೈಗೆ ನುಗ್ಗಿತು. ಅಷ್ಟೇ ವಿಷಯ. 'ಒಂದು ಹೆಜ್ಜೆ ತಪ್ಪಿತು' ಅಂತ ಒಂದು ಸಹಿ ಹಾಕಿದ್ರೆ ಮುಗೀತು. ಕೆಲಸ ಎಲ್ಲಿಗೂ ಹೋಗಲ್ಲ. ಮೆಂಟರ್ ಕಾರ್ಡು ಮಾತ್ರ ಸ್ವಲ್ಪ ದಿನ... ಹಿಟ್ಟಿನ ವಿಭಾಗದಲ್ಲಿ ಕೂತಿರಿ, ಆರಾಮು.

ಯಾಕೆ ಹಾಗೆ ನೋಡ್ತೀರಿ?

ಹಾಂ, ಇನ್ನೊಂದು. ಮರೆತೇ ಹೋಗ್ತಿತ್ತು ನೋಡಿ. ನಿಮಗೆ ಅಂತಲೇ ಒಂದು ಕನ್ನಡ ಪ್ರತಿ ಮಾಡಿಕೊಟ್ಟಿದ್ದೆನಲ್ಲ? ನಮ್ಮಪ್ಪನ ಹತ್ರ ಕಾಗುಣಿತ ತಿದ್ದಿಸ್ಕೊಂಡು, ದಿಲ್ಲಿಯಲ್ಲೇ ಹುಟ್ಟಿದ ಹುಡುಗಿ, ಏನೇನು ತಪ್ಪು ಬರೆದಿದ್ದೀನೋ! ಅದನ್ನ ಕೊಡಿ. ತಿದ್ದಿ, ಹೊಸದು ಮಾಡಿ ತರ್ತೀನಿ. ಇವತ್ತೇ ಕೊಟ್ರೆ ಒಳ್ಳೇದು.

ಎಲ್ಲಿದೆ, ನಾನೇ ತೆಗೀಲಾ?

ಏನಿಲ್ಲ, ಕಾಗುಣಿತ ಅಷ್ಟೇ. 'ಆವಿ' ಅನ್ನೋದನ್ನ ಎಲ್ಲೋ 'ಹಾವಿ' ಅಂತ ಬರೆದಿದ್ದೀನಿ, ನಗ್ತಾರೆ ಜನ... ಅಕ್ಕ, ನೀವ್ಯಾಕೆ ಒಳಗೆ ಹೋದ್ರಿ? ಅಣ್ಣ, ಆ ಪಟ್ಟಿಯನ್ನೇ ನೋಡ್ತಾ ಕೂರ್ಬೇಡಿ.

ನಲ್ಲಿ ವಿಷಯ ನೀವು ಹೇಳಿದ್ರಿ. ಹೌದು, ಇಲ್ಲ ಅನ್ನಲ್ಲ. 'ಗೇಜಿನ ಮುಳ್ಳು ಸುಳ್ಳು ಹೇಳ್ತದೆ, ನಲ್ಲಿ ಹೇಳುವುದಿಲ್ಲ' ಅಂದಿದ್ರಿ. ನಾನು ನಕ್ಕು ಬರ್ಕೊಂಡಿದ್ದೆ. ಆದ್ರೆ ಪುಟಕ್ಕೆ ನಾಲ್ಕು ಫೋಟೋ ಅಣ್ಣ, ನಾಲ್ಕೇ! ನಲ್ಲಿ ಫೋಟೋ ಐದನೇದಾಗ್ತಿತ್ತು. ಅದೂ ಕತ್ತಲು ಕತ್ತಲಾಗಿ ಬಂದಿತ್ತು. ಪುಟ ಅಂದವಾಗಿ ಕಾಣ್ಬೇಕಲ್ಲ... ಆ ಹೆಜ್ಜೆಯನ್ನೇ ಬಿಟ್ಟೆ, ಆಮೇಲೆ ಸೇರಿಸಿದ್ರಾಯ್ತು ಅಂದ್ಕೊಂಡೆ. ಆಮೇಲೆ ಅನ್ನೋದು ನಿಮ್ಮ ಕೈ ಸುಟ್ಟ ಮೇಲೆ ಬಂತು.

ಆವತ್ತು ಹೆಡ್ ಆಫೀಸಿನವರು ನೋಡ್ತಾ ನಿಂತಿದ್ರು. 'ಅಣ್ಣ, ಇವತ್ತೊಂದು ದಿನ ನಿಮ್ಮ ಅಭ್ಯಾಸ ಬಿಡಿ, ಪುಸ್ತಕದಲ್ಲಿ ಇದ್ದಷ್ಟೇ ಮಾಡಿ' ಅಂತ ಕೈ ಮುಗಿದು ಕೇಳ್ಕೊಂಡವಳು ನಾನು. ಹೆಜ್ಜೆ ಹೆಜ್ಜೆ ಜೋರಾಗಿ ಓದಿದವಳೂ ನಾನೇ. 'ಬಾಗಿಲು ತೆರೆಯಿರಿ' ಅಂದಾಗ ನೀವು ಒಂದು ಸಲ ನನ್ನ ಮುಖ ನೋಡಿದ್ರಿ. ನೋಡಿದ್ರಿ, ನನಗೆ ಗೊತ್ತು. ನಾನು ಇನ್ನೊಂದು ಸಲ ಓದಿದೆ. ಇನ್ನೂ ಜೋರಾಗಿ.

ಮೂರನೇ ದಿನ ಆ ಪುಟ ಬದಲಾಯಿಸಿ, ಅಚ್ಚು ಹಾಕಿಸಿ, ಕಿಚನ್ನಿನ ಎಲ್ಲಾ ಪ್ರತಿಗೂ ಸೇರಿಸಿದೆ. ಯಾರಿಗೂ ಗೊತ್ತಾಗಲಿಲ್ಲ. ಇದೊಂದು ಕನ್ನಡದ್ದು ಮಾತ್ರ...

ಎಲ್ಲಿಗೆ ಎದ್ರಿ? ಬೇಡ ಅಣ್ಣ, ಆ ಟ್ರಂಕು ಒಂದು ಕೈಯಲ್ಲಿ ಎತ್ತಬೇಡಿ... ಅಯ್ಯೋ.

ಪುಟ ಮಡಚಿಟ್ಟಿದ್ದೀರಿ. ಅದೇ ಪುಟ. ನಿಮಗೆ ಮೊದಲೇ ಗೊತ್ತಿತ್ತಾ? ಆಸ್ಪತ್ರೆಯಲ್ಲಿ ವಿಕ್ರಮ್ ಸರ್ ಕೇಳಿದಾಗ 'ನೆನಪಿಲ್ಲ' ಅಂದ್ರಂತಲ್ಲ... ಗೊತ್ತಿದ್ದೇ ಹಾಗೆ ಅಂದ್ರಾ? ಯಾಕಣ್ಣ? ನನ್ನ ಕೆಲಸ ಹೋಗುತ್ತೆ ಅಂತಾನಾ?

ಕೊಡ್ತಿದ್ದೀರಾ? ನನಗೇ? ಏನೂ ಕೇಳದೆ?

ಬೈದುಬಿಡಿ ಅಣ್ಣ. ಒಂದು ಮಾತು ಬೈದಿದ್ರೆ ಇದನ್ನ ಬ್ಯಾಗಿಗೆ ಹಾಕ್ಕೊಂಡು ಓಡಿಹೋಗ್ತಿದ್ದೆನೇನೋ. ಅದಕ್ಕೇ ಬಂದಿದ್ದು ನಾನು.

ತಡೀರಿ, ಫೋನ್ ಎಲ್ಲಿಟ್ಟೆ... ಕೈ ಹಿಡೀಬೇಡಿ ಅಣ್ಣ, ಮಾಡ್ತೀನಿ ಬಿಡಿ.

ಹಲೋ, ವಿಕ್ರಮ್ ಸರ್? ಲಾವಣ್ಯಾ ಮಾತಾಡ್ತಿರೋದು. ಹಾಂ, ಜಯಾನಂದಣ್ಣನ ಮನೆಯಲ್ಲೇ ಇದ್ದೀನಿ. ಇಲ್ಲ ಸರ್, ಅವರು ಸಹಿ ಹಾಕಲ್ಲ. ನಿಮ್ಮ ಮೇಜಿನ ಮೇಲಿರೋ ಪುಸ್ತಕದಲ್ಲಿ ಹದಿನಾಲ್ಕನೇ ಪುಟ ತೆಗೀರಿ. ತೆಗೆದ್ರಾ? ಆ ಪುಟ ಅಪಘಾತ ಆದ ಮೇಲೆ ಅಚ್ಚಾಗಿದ್ದು ಸರ್. ಆವತ್ತು ಇದ್ದ ಪುಟ ಈಗ ನನ್ನ ಕೈಯಲ್ಲಿದೆ. ಬರ್ಕೊಳ್ಳಿ, ನಿಧಾನಕ್ಕೆ ಓದ್ತೀನಿ.